ಕಾರ್ಬ್ ಕಡಿಮೆ, ಕೊಬ್ಬು ಹೆಚ್ಚು: ಈ ಆಹಾರಕ್ರಮವನ್ನು ಸರಿಯಾಗಿ ಆರಂಭಿಸುವುದು ಹೇಗೆ?

ಈ ಆಹಾರಕ್ರಮ ಶುರು ಮಾಡಿದವರು ಎಡವುವುದು ಹೆಚ್ಚಾಗಿ ಎರಡು ಕಡೆ. ಕೆಲವರು ಅನ್ನ, ಬ್ರೆಡ್, ಸಕ್ಕರೆ ಎಲ್ಲವನ್ನೂ ಒಂದೇ ದಿನ ಬಿಡುತ್ತಾರೆ. ಆದರೆ ಕೊಬ್ಬೆಂದರೆ ಹಳೆಯ ಹೆದರಿಕೆ ಹಾಗೇ ಉಳಿದಿರುತ್ತದೆ. ತಟ್ಟೆಯಲ್ಲಿ ಬೇಯಿಸಿದ ತರಕಾರಿ ಮಾತ್ರ ಉಳಿದು, ನಾಲ್ಕನೇ ದಿನಕ್ಕೆ ತಲೆನೋವು, ಸುಸ್ತು, ಹಸಿವು ಎಲ್ಲವೂ ಒಟ್ಟಿಗೆ ಬಂದು ಕೈಬಿಡುತ್ತಾರೆ. ಇನ್ನು ಕೆಲವರು ‘ಕೊಬ್ಬು ಹೆಚ್ಚು’ ಎನ್ನುವ ಮಾತನ್ನಷ್ಟೇ ಹಿಡಿದುಕೊಂಡು ಕಾಫಿಗೂ ಬೆಣ್ಣೆ ಹಾಕಿ ಕುಡಿಯುತ್ತಾರೆ. ತಿಂಗಳಾದರೂ ತೂಕ ಇಳಿಯದಿದ್ದಾಗ ಕಂಗಾಲಾಗುತ್ತಾರೆ.

ಎರಡೂ ತಪ್ಪಿಗೆ ಮೂಲ ಒಂದೇ: ಮೂರು ಪೋಷಕಾಂಶಗಳಲ್ಲಿ ಯಾವುದಕ್ಕೆ ಯಾವ ಕೆಲಸ ಎಂದು ತಿಳಿಯದಿರುವುದು. ಕಾರ್ಬೋಹೈಡ್ರೇಟ್‌ಗೆ, ಅಂದರೆ ಆಡುಮಾತಿನ ಕಾರ್ಬ್‌ಗೆ, ಒಂದು ಮಿತಿ ಇರುತ್ತದೆ, ಅದನ್ನು ದಾಟಬಾರದು. ಪ್ರೋಟೀನ್‌ಗೆ ಒಂದು ಗುರಿ ಇರುತ್ತದೆ. ಅದನ್ನು ಪ್ರತಿದಿನ ಮುಟ್ಟಲೇಬೇಕು. ಕೊಬ್ಬಿಗೆ ಗುರಿಯೆಂಬುದಿಲ್ಲ. ಹಸಿವು ತಣಿಯುವಷ್ಟು ತಿನ್ನಬೇಕು, ತಣಿದ ಮೇಲೆ ನಿಲ್ಲಿಸಬೇಕು. ಇದಿಷ್ಟು ಮನಸ್ಸಿನಲ್ಲಿದ್ದರೆ ಮುಂದಿನ ಲೆಕ್ಕವೆಲ್ಲ ಸುಲಭ.

ದೇಹದೊಳಗೆ ಏನಾಗುತ್ತದೆ

ಆರೋಗ್ಯವಂತರ ರಕ್ತದಲ್ಲಿ ಓಡಾಡುವ ಒಟ್ಟು ಗ್ಲೂಕೋಸ್ ಸುಮಾರು 4ರಿಂದ 5 ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು. 200 ಗ್ರಾಂ ಅನ್ನದಲ್ಲಿ ಸುಮಾರು 56 ಗ್ರಾಂ ಕಾರ್ಬ್ ಇದೆ. ಜೀರ್ಣವಾಗಿ ರಕ್ತಕ್ಕೆ ಬರುವ ಈ ಹೊರೆಯನ್ನು ಸ್ನಾಯು, ಪಿತ್ತಜನಕಾಂಗ ಮತ್ತು ಕೊಬ್ಬಿನ ಕೋಶಗಳಿಗೆ ಸಾಗಿಸಲು ಇನ್ಸುಲಿನ್ ಬೇಕು. ಇನ್ಸುಲಿನ್ ಮೇಲೇರಿರುವಷ್ಟು ಹೊತ್ತು ಕೊಬ್ಬಿನ ಕೋಶಗಳು ತಮ್ಮಲ್ಲಿರುವುದನ್ನು ಹೊರಬಿಡುವುದಿಲ್ಲ. ಕಾರ್ಬ್ ಕಡಿಮೆಯಾದಾಗ ಇನ್ಸುಲಿನ್ ಇಳಿಯುತ್ತದೆ, ಕೊಬ್ಬು ಹೊರಬರುತ್ತದೆ, ಪಿತ್ತಜನಕಾಂಗ ಅದರಲ್ಲಿ ಒಂದು ಭಾಗವನ್ನು ಕೀಟೋನ್‌ಗಳಾಗಿ ಬದಲಿಸುತ್ತದೆ. ಮಿದುಳು ಈ ಕೀಟೋನ್‌ಗಳನ್ನು ಇಂಧನವಾಗಿ ಬಳಸಬಲ್ಲದು. ಆಗಲೂ ಅದಕ್ಕೆ ಬೇಕಾಗುವ ಅಷ್ಟಿಷ್ಟು ಗ್ಲೂಕೋಸನ್ನು ಪಿತ್ತಜನಕಾಂಗವೇ ಪ್ರೋಟೀನಿನ ಅಮೈನೋ ಆಮ್ಲಗಳಿಂದ, ಕೊಬ್ಬಿನಲ್ಲಿರುವ ಗ್ಲಿಸರಾಲ್‌ನಿಂದ ತಯಾರಿಸಿಕೊಳ್ಳುತ್ತದೆ. ಊಟದಲ್ಲಿ ಪ್ರೋಟೀನ್ ಸಾಲದಿದ್ದರೆ ಈ ಅಮೈನೋ ಆಮ್ಲಗಳು ಸ್ನಾಯುವಿನಿಂದ ಬರುತ್ತವೆ. ಪ್ರೋಟೀನ್ ಗುರಿಯನ್ನು ಮುಟ್ಟಲೇಬೇಕು ಎಂದು ಒತ್ತಿ ಹೇಳುವುದು ಇದಕ್ಕೇ.

ದೇಹದಲ್ಲಿ ಗ್ಲೈಕೋಜನ್ ರೂಪದ ಸಕ್ಕರೆ ದಾಸ್ತಾನು ಪಿತ್ತಜನಕಾಂಗದಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಈ ದಾಸ್ತಾನು ಕರಗುವಾಗ ನೀರೂ ಹೊರಟುಹೋಗುತ್ತದೆ. ಮೊದಲ ವಾರದಲ್ಲೇ ತೂಕದ ಯಂತ್ರ ಒಂದೆರಡು ಕಿಲೋ ಇಳಿದು ತೋರಿಸುವುದಕ್ಕೆ ಇದು ಕಾರಣ. ಅದು ಕರಗಿದ ಕೊಬ್ಬಲ್ಲ. ಎರಡನೇ ವಾರ ಇಳಿಕೆ ನಿಧಾನವಾಯಿತೆಂದು ಬೇಸರಪಡಬೇಡಿ. ಕೊಬ್ಬು ಕರಗುವ ನಿಜವಾದ ವೇಗವನ್ನು ತೋರಿಸುವುದು ಎರಡನೇ ವಾರವೇ.

ಕಾರ್ಬನ್ನು ತೀರಾ ಕಡಿಮೆ ಮಾಡಿದ ಕೀಟೋಜೆನಿಕ್ ಆಹಾರ ಇತ್ತೀಚಿನದೇನಲ್ಲ. ಅಪಸ್ಮಾರದ ಚಿಕಿತ್ಸೆಗಾಗಿ 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದನ್ನು ಸೂಚಿಸಿದರು. ಔಷಧಿಗೆ ಬಗ್ಗದ ಅಪಸ್ಮಾರವಿರುವ ಮಕ್ಕಳಿಗೆ ಇಂದಿಗೂ ಆಸ್ಪತ್ರೆಗಳಲ್ಲಿ ಇದನ್ನು ಕೊಡುತ್ತಾರೆ. ಟೈಪ್ 2 ಮಧುಮೇಹದ ಮಟ್ಟಿಗೆ, ಒಟ್ಟಾರೆ ಕಾರ್ಬ್ ಕಡಿಮೆ ಮಾಡುವುದು ರಕ್ತದ ಸಕ್ಕರೆಯನ್ನು ಸುಧಾರಿಸುತ್ತದೆ ಎಂಬುದಕ್ಕೆ ಸಾಕಷ್ಟು ಪುರಾವೆ ಇದೆಯೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2019ರ ವರದಿಯಲ್ಲಿ ಒಪ್ಪಿಕೊಂಡಿದೆ. ತೂಕದ ವಿಷಯದಲ್ಲಿ ಮಾತ್ರ ನಿರೀಕ್ಷೆಯನ್ನು ಹದದಲ್ಲಿಡಬೇಕು. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ 609 ವಯಸ್ಕರನ್ನು 12 ತಿಂಗಳು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರ್ಬ್ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದರು. ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಲ್ಲ ಅದು. ಹಸಿವು ಹಿಡಿತಕ್ಕೆ ಬರುವುದು, ಊಟದ ನಂತರ ಸಕ್ಕರೆ ಏರದಿರುವುದು, ರಕ್ತದಲ್ಲಿ ಓಡಾಡುವ ಕೊಬ್ಬಾದ ಟ್ರೈಗ್ಲಿಸರೈಡ್ ಇಳಿಯುವುದು ಈ ಪದ್ಧತಿಯ ನಿಜವಾದ ಬಲ.

ಮೊದಲ ಹೆಜ್ಜೆ: ಅಡುಗೆಮನೆಗೂ ಮುಂಚೆ ಔಷಧಿ ಡಬ್ಬಿ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಈ ಆಹಾರಕ್ರಮದಿಂದ ಆಗುವ ಗಂಭೀರ ತೊಂದರೆಗಳಲ್ಲಿ ಹೆಚ್ಚಿನವು ಆಹಾರದಿಂದಲ್ಲ, ಆಹಾರ ಬದಲಾದರೂ ಔಷಧಿಯ ಪ್ರಮಾಣ ಹಾಗೇ ಉಳಿದದ್ದರಿಂದ ಆಗುತ್ತವೆ.

ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಾಮೈಡ್‌ನಂಥ ಮಧುಮೇಹದ ಮಾತ್ರೆ ನುಂಗುವವರು ಕಾರ್ಬ್ ಕಡಿತಗೊಳಿಸಿದ ಮೊದಲ ದಿನವೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಎಷ್ಟು ಪ್ರಮಾಣ ಇಳಿಸಬೇಕೆಂದು ವೈದ್ಯರು ಮೊದಲೇ ತೀರ್ಮಾನಿಸಿರಬೇಕು. ಮೊದಲ ವಾರಗಳಲ್ಲಿ ದಿನಕ್ಕೆ ಹಲವು ಬಾರಿ ಗ್ಲೂಕೋಮೀಟರ್‌ನಲ್ಲಿ ನೋಡಿಕೊಳ್ಳಬೇಕು. ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಕಾರ್ಬ್ ಮಿತಿಯನ್ನು ಮರೆತು ತಕ್ಷಣ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಏರಿರದಿದ್ದರೆ ಅಷ್ಟೇ ಪ್ರಮಾಣವನ್ನು ಇನ್ನೊಮ್ಮೆ ತೆಗೆದುಕೊಳ್ಳಬೇಕು.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್, ಕನಾಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆಗಳದು ಬೇರೆಯೇ ಅಪಾಯ. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವುಗಳ ಜೊತೆ ಕಾರ್ಬ್ ತೀರಾ ಕಡಿಮೆಯಾದರೆ ಕೀಟೋನ್ ಮಿತಿಮೀರಿ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಬರಬಹುದು. ಆಗ ಗ್ಲೂಕೋಮೀಟರ್ ಸಹಜಕ್ಕೆ ಹತ್ತಿರದ ಸಂಖ್ಯೆಯನ್ನೇ ತೋರಿಸುವುದರಿಂದ ರೋಗಿಯೂ ಮನೆಯವರೂ ಮೋಸಹೋಗುತ್ತಾರೆ. ಆದ್ದರಿಂದ ಈ ಮಾತ್ರೆ ತೆಗೆದುಕೊಳ್ಳುವವರು ವೈದ್ಯರು ಅದನ್ನು ನಿಲ್ಲಿಸುವವರೆಗೆ ಆರಂಭಿಸಲೇಬಾರದು. ಈ ಪದ್ಧತಿಯಲ್ಲಿ ಇರುವ ಯಾರಿಗೇ ಆಗಲಿ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಮಂಪರು ಕಾಣಿಸಿಕೊಂಡರೆ ನೇರ ತುರ್ತು ಚಿಕಿತ್ಸೆಗೆ ಹೋಗಬೇಕು. ಆಹಾರದಿಂದ ಬರುವ ಸಾಮಾನ್ಯ ಕೀಟೋಸಿಸ್‌ನಲ್ಲಿ ರಕ್ತದ ಕೀಟೋನ್ ಲೀಟರ್‌ಗೆ 0.5ರಿಂದ 3 ಮಿಲಿಮೋಲ್ ಇರುತ್ತದೆ. ಕೀಟೋಆಸಿಡೋಸಿಸ್‌ನಲ್ಲಿ ಅದು ಹಲವು ಪಟ್ಟು ಏರುತ್ತದೆ. ಹೆಸರು ಹತ್ತಿರವಿದ್ದರೂ ಎರಡೂ ಒಂದಲ್ಲ.

ರಕ್ತದೊತ್ತಡದ ಮಾತ್ರೆ ನುಂಗುವವರಿಗೆ ಒತ್ತಡ ಇಳಿದು, ಎದ್ದು ನಿಂತಾಗ ತಲೆಸುತ್ತು ಬರಬಹುದು. ಮನೆಯಲ್ಲೇ ಅಳೆದು ಬರೆದಿಟ್ಟು ವೈದ್ಯರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ದಿಢೀರನೆ ಸೊಪ್ಪು ಹೆಚ್ಚಿಸಿದರೆ ಅದರ ವಿಟಮಿನ್ ಕೆ ಔಷಧಿಯ ಪರಿಣಾಮವನ್ನು ತಗ್ಗಿಸುತ್ತದೆ. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಉಪ್ಪು ಮತ್ತು ನೀರಿನ ಏರಿಳಿತದಿಂದ ರಕ್ತದಲ್ಲಿನ ಲಿಥಿಯಂ ಮಟ್ಟ ಬದಲಾಗುತ್ತದೆ.

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮೇದೋಜೀರಕ ಗ್ರಂಥಿಯ ಉರಿಯೂತ ಬಂದಿದ್ದವರು, ಮೂತ್ರಪಿಂಡದ ಕಾಯಿಲೆ ಇರುವವರು, ಕೊಬ್ಬನ್ನು ಶಕ್ತಿಯಾಗಿಸಿಕೊಳ್ಳಲಾಗದ ಹುಟ್ಟು ದೋಷವಿರುವವರು, ಊಟಕ್ಕೆ ಸಂಬಂಧಿಸಿದ ಮಾನಸಿಕ ಸಮಸ್ಯೆಯಿಂದ ಬಳಲಿದವರು ಇದನ್ನು ತಾವಾಗಿಯೇ ಮಾಡಬಾರದು. ಟೈಪ್ 1 ಮಧುಮೇಹಿಗಳಿಗೂ ಈ ಮಾತು ಅನ್ವಯ. ಪಿತ್ತಕೋಶದಲ್ಲಿ ಕಲ್ಲಿರುವವರು ಕೊಬ್ಬು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಬೇಕು.

ಉಳಿದವರು ಆರಂಭಕ್ಕೂ ಮುನ್ನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ರಕ್ತದ ಕೊಬ್ಬಿನ ಲಿಪಿಡ್ ಪ್ರೊಫೈಲ್, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಯೂರಿಕ್ ಆಮ್ಲ, ಪಿತ್ತಜನಕಾಂಗದ ಎನ್‌ಜೈಮ್‌ಗಳ ಪರೀಕ್ಷೆ ಮಾಡಿಸಿ. ಸೊಂಟದ ಸುತ್ತಳತೆ, ರಕ್ತದೊತ್ತಡ ಬರೆದಿಡಿ. ಈ ಮೊದಲ ಸಂಖ್ಯೆಗಳಿಲ್ಲದೆ ಮೂರು ತಿಂಗಳ ನಂತರದ ವರದಿಯಿಂದ ಏನೂ ತಿಳಿಯುವುದಿಲ್ಲ.

ಎರಡನೇ ಹೆಜ್ಜೆ: ನಿಮ್ಮ ಸಂಖ್ಯೆಗಳನ್ನು ಗೊತ್ತುಮಾಡಿಕೊಳ್ಳಿ

ಕಾರ್ಬ್ ಮಿತಿಯಲ್ಲಿ ಎರಡು ಮಟ್ಟಗಳಿವೆ. ದಿನಕ್ಕೆ 50ರಿಂದ 130 ಗ್ರಾಂ ಎಂದರೆ ಮಧ್ಯಮ ಕಡಿತ. 20ರಿಂದ 50 ಗ್ರಾಂ ಎಂದರೆ ಕೀಟೋ. ಮಧುಮೇಹವಿಲ್ಲದೆ ಬರಿ ಐದಾರು ಕಿಲೋ ಇಳಿಸಬೇಕೆಂದಿರುವವರು ನೇರ 20 ಗ್ರಾಂಗೆ ಇಳಿಯುವ ಅಗತ್ಯವಿಲ್ಲ. 80 ಗ್ರಾಂ ಹತ್ತಿರ ನಿಂತು ಎರಡು ತಿಂಗಳು ನೋಡುವುದು ಜಾಣತನ. ಕಡಿಮೆ ಸಂಖ್ಯೆ ಹಿಡಿದವರು ಹೆಚ್ಚು ಶಿಸ್ತಿನವರು ಎಂದೇನೂ ಅಲ್ಲ. ವರ್ಷವಿಡೀ ಪಾಲಿಸಬಲ್ಲ ಸಂಖ್ಯೆಯೇ ಸರಿಯಾದ ಸಂಖ್ಯೆ.

ಪ್ರೋಟೀನನ್ನು ಈಗಿನ ತೂಕದ ಮೇಲಲ್ಲ, ಎತ್ತರಕ್ಕೆ ತಕ್ಕ ತೂಕದ ಮೇಲೆ ಲೆಕ್ಕ ಹಾಕಿ. ಎತ್ತರವನ್ನು ಮೀಟರ್‌ನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 22.5ರಿಂದ ಗುಣಿಸಿ. 170 ಸೆಂಟಿಮೀಟರ್ ಎತ್ತರದವರಿಗೆ 1.7 × 1.7 × 22.5, ಅಂದರೆ ಸುಮಾರು 65 ಕಿಲೋ. ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ಇವರಿಗೆ ದಿನಕ್ಕೆ 95 ಗ್ರಾಂ ಎಂದಿಟ್ಟುಕೊಳ್ಳೋಣ.

ಈಗ ಕೊಬ್ಬು. ಕಾರ್ಬ್ ಮತ್ತು ಪ್ರೋಟೀನ್ ಒಂದು ಗ್ರಾಂಗೆ 4 ಕಿಲೋಕ್ಯಾಲೊರಿ, ಕೊಬ್ಬು 9 ಕಿಲೋಕ್ಯಾಲೊರಿ ಕೊಡುತ್ತವೆ. ಮೇಲಿನ ವ್ಯಕ್ತಿಗೆ ತೂಕ ಹಾಗೇ ಉಳಿಯಲು ದಿನಕ್ಕೆ 2000 ಕಿಲೋಕ್ಯಾಲೊರಿ ಬೇಕು, ಕಾರ್ಬ್ ಮಿತಿ 30 ಗ್ರಾಂ ಎಂದುಕೊಳ್ಳಿ. ಕಾರ್ಬ್‌ನಿಂದ 120, ಪ್ರೋಟೀನ್‌ನಿಂದ 380, ಒಟ್ಟು 500. ಉಳಿದ 1500 ಕಿಲೋಕ್ಯಾಲೊರಿ ಕೊಬ್ಬಿನಿಂದ ಬರಬೇಕು. ಅದು 167 ಗ್ರಾಂ. ತೂಕ ಇಳಿಸಬೇಕಿದ್ದರೆ ಅಷ್ಟನ್ನೂ ತಟ್ಟೆಯಿಂದ ತೆಗೆದುಕೊಳ್ಳಬೇಡಿ. 115 ಗ್ರಾಂ ಮಾತ್ರ ತಿನ್ನಿ, ಮಿಕ್ಕ 50 ಗ್ರಾಂ ನಿಮ್ಮ ಮೈಯಲ್ಲೇ ಇದೆ. ವಾರಕ್ಕೆ 400 ಗ್ರಾಂ ಆಸುಪಾಸಿನ ಸ್ಥಿರ ಇಳಿಕೆ ಬರುವುದು ಹೀಗೆ. ‘ಕೊಬ್ಬು ತಿಂದಷ್ಟೂ ಕೊಬ್ಬು ಕರಗುತ್ತದೆ’ ಎಂಬ ಮಾತು ಜನರನ್ನು ಬಹಳ ದಾರಿತಪ್ಪಿಸಿದೆ. ಹೊರಗಿನಿಂದ ಹೆಚ್ಚು ಬಂದರೆ ದೇಹ ಮೊದಲು ಅದನ್ನೇ ಉರಿಸುತ್ತದೆ.

ಮೂರನೇ ಹೆಜ್ಜೆ: ತಟ್ಟೆ ಕಟ್ಟುವುದು

ಒಂದು ಡಿಜಿಟಲ್ ಅಡುಗೆ ತಕ್ಕಡಿ ಕೊಳ್ಳಿ. ಮೊದಲ ಮೂರು ವಾರ ತೂಗಿ ತಿಂದರೆ ಕಣ್ಣಿಗೆ ಅಂದಾಜು ಸಿಗುತ್ತದೆ, ಆಮೇಲೆ ತಕ್ಕಡಿ ಬೇಕಾಗುವುದಿಲ್ಲ.

ನೆಲದ ಮೇಲೆ ಬೆಳೆಯುವ ತರಕಾರಿಗಳಲ್ಲಿ ಕಾರ್ಬ್ ಕಡಿಮೆ, ನೆಲದೊಳಗೆ ಬೆಳೆಯುವವುಗಳಲ್ಲಿ ಹೆಚ್ಚು ಎಂಬ ಸೂತ್ರ ಬಹುಮಟ್ಟಿಗೆ ನಿಜ. ನಾರಿನಂಶ ಕಳೆದು 100 ಗ್ರಾಂಗೆ ಲೆಕ್ಕ ಹಾಕಿದರೆ ಪಾಲಕ್ ಸೊಪ್ಪಿನಲ್ಲಿ ಒಂದೂವರೆ ಗ್ರಾಂ, ಹೂಕೋಸು, ಬದನೆಕಾಯಿ, ಟೊಮೆಟೊ, ಸೌತೆಕಾಯಿ ಇವುಗಳಲ್ಲಿ 3 ಗ್ರಾಂ ಆಸುಪಾಸು, ಎಲೆಕೋಸಿನಲ್ಲಿ ಮೂರೂವರೆ, ಬೆಂಡೆಕಾಯಿ ಮತ್ತು ಬೀನ್ಸ್‌ನಲ್ಲಿ 4ರಿಂದ 4.5 ಗ್ರಾಂ. ಕ್ಯಾರೆಟ್‌ನಲ್ಲಿ 7, ಈರುಳ್ಳಿಯಲ್ಲಿ ಏಳೂವರೆ ಗ್ರಾಂ ಇರುವುದರಿಂದ ಇವನ್ನು ರುಚಿಗೆ ಮಾತ್ರ ಬಳಸಿ. ಬೇಯಿಸಿದ ಆಲೂಗೆಡ್ಡೆಯಲ್ಲಿ 18 ಗ್ರಾಂ. 30 ಗ್ರಾಂ ಮಿತಿಯವರಿಗೆ ಒಂದು ಮಧ್ಯಮ ಗೆಡ್ಡೆಯಲ್ಲೇ ದಿನದ ಪಾಲು ಮುಗಿದುಹೋಗುತ್ತದೆ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 23, ಸೇಬಿನಲ್ಲಿ 20 ಗ್ರಾಂ ದಾಟುತ್ತದೆ. ಹಣ್ಣು ಬೇಕೆನಿಸಿದರೆ ಬೆರ್ರಿ ಜಾತಿಯವನ್ನು, ಅವಕಾಡೊವನ್ನು ಆರಿಸಿಕೊಳ್ಳಿ. ಒಂದು ಲೋಟ ಹಾಲಿನಲ್ಲಿ 12 ಗ್ರಾಂ ಕಾರ್ಬ್ ಇರುವುದನ್ನು ಬಹಳಷ್ಟು ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ.

ಒಣಬೀಜಗಳ ವಿಷಯದಲ್ಲಿ ಒಂದು ಎಚ್ಚರಿಕೆ. ವಾಲ್‌ನಟ್‌ನಲ್ಲಿ 100 ಗ್ರಾಂಗೆ 7, ಬಾದಾಮಿಯಲ್ಲಿ 9 ಗ್ರಾಂ ಕಾರ್ಬ್; ಗೋಡಂಬಿಯಲ್ಲಿ 27. ಎಲ್ಲವೂ ಒಂದೇ ಡಬ್ಬಿಯಲ್ಲಿದ್ದರೆ ಕೈ ಹೋಗುವುದು ಗೋಡಂಬಿಗೇ. ಡಬ್ಬಿಯಿಂದ ನೇರ ತಿನ್ನದೆ 30 ಗ್ರಾಂ ತೂಗಿ ಬಟ್ಟಲಿಗೆ ಹಾಕಿಕೊಳ್ಳಿ.

ಮೇಲೆ ಹೇಳಿದ 65 ಕಿಲೋ ಲೆಕ್ಕಕ್ಕೆ ಹೊಂದುವ ಒಂದು ದಿನ ಹೀಗಿರಬಹುದು. ಬೆಳಿಗ್ಗೆ ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ ಮಾಡಿದ ಮೂರು ಮೊಟ್ಟೆ, ಜೊತೆಗೆ 100 ಗ್ರಾಂ ಪಾಲಕ್. ಮಧ್ಯಾಹ್ನ ಬೇಯಿಸಿದ ಕೋಳಿ ತೊಡೆಮಾಂಸ 120 ಗ್ರಾಂ, ಎರಡು ದೊಡ್ಡ ಚಮಚ ಆಲಿವ್ ಎಣ್ಣೆಯಲ್ಲಿ ಬಾಡಿಸಿದ 200 ಗ್ರಾಂ ಹೂಕೋಸು. ಸಂಜೆ 30 ಗ್ರಾಂ ವಾಲ್‌ನಟ್. ರಾತ್ರಿ ಸಾಲ್ಮನ್‌ನಂಥ ಕೊಬ್ಬಿರುವ ಮೀನು 120 ಗ್ರಾಂ, ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಬಾಡಿಸಿದ 150 ಗ್ರಾಂ ಎಲೆಕೋಸು, 100 ಗ್ರಾಂ ಸೌತೆ-ಟೊಮೆಟೊ, 100 ಗ್ರಾಂ ಗಟ್ಟಿ ಮೊಸರು. ಒಟ್ಟು ಕಾರ್ಬ್ 25 ಗ್ರಾಂ ಹತ್ತಿರ, ಪ್ರೋಟೀನ್ 95, ಕೊಬ್ಬು 115 ಗ್ರಾಂ ಆಸುಪಾಸು. ಇದರಲ್ಲಿ ಸುರಿದುಕೊಂಡ ಕೊಬ್ಬು ದಿನಕ್ಕೆ ನಾಲ್ಕು ದೊಡ್ಡ ಚಮಚ ಮಾತ್ರ. ಉಳಿದದ್ದು ಆಹಾರದಲ್ಲೇ ಇದೆ ಎಂಬುದನ್ನು ಗಮನಿಸಿ.

ಸಸ್ಯಾಹಾರಿಗಳಿಗೆ ಇರುವ ತೊಡಕು ಕೊಬ್ಬಿನದಲ್ಲ, ಪ್ರೋಟೀನಿನದು. ಬೇಳೆಕಾಳುಗಳ ಪ್ರೋಟೀನ್ ಕಾರ್ಬ್ ಜೊತೆಗೇ ಬರುತ್ತದೆ: ಬೇಯಿಸಿದ 100 ಗ್ರಾಂ ಬೇಳೆಯಲ್ಲಿ 9 ಗ್ರಾಂ ಪ್ರೋಟೀನ್, 12 ಗ್ರಾಂ ಕಾರ್ಬ್. 30 ಗ್ರಾಂ ಮಿತಿಯಲ್ಲಿ ಇದು ಹೊಂದುವುದಿಲ್ಲ. ಪನೀರ್, ಚೀಸ್, ಟೋಫು, ನೀರು ಬಸಿದ ಗಟ್ಟಿ ಮೊಸರು ಆಧಾರವಾಗಲಿ. ಕಾರ್ಬ್ ಮಿತಿಯನ್ನು 60ರಿಂದ 80 ಗ್ರಾಂಗೆ ಏರಿಸಿಕೊಂಡು ದಿನಕ್ಕೊಂದು ಸಣ್ಣ ಬಟ್ಟಲು ಬೇಳೆ ಉಳಿಸಿಕೊಳ್ಳಿ. ಪ್ರೋಟೀನ್ ಅರೆಹೊಟ್ಟೆಯಾದ ಕೀಟೋಗಿಂತ ಹೊಟ್ಟೆತುಂಬಾ ಪ್ರೋಟೀನ್ ಇರುವ ಮಧ್ಯಮ ಕಡಿತ ಎಷ್ಟೋ ಮೇಲು.

ಯಾವ ಕೊಬ್ಬು

ಕೊಬ್ಬೆಲ್ಲ ಒಂದೇ ಅಲ್ಲ. ಆಲಿವ್ ಎಣ್ಣೆ, ಒಣಬೀಜ, ಅವಕಾಡೊ, ಕೊಬ್ಬಿರುವ ಮೀನು ಮುಖ್ಯ ಪಾಲು ಪಡೆಯಲಿ. ಬೆಣ್ಣೆ, ತುಪ್ಪ, ಕೆನೆ, ತೆಂಗಿನೆಣ್ಣೆಗಳಲ್ಲಿ ಸ್ಯಾಚುರೇಟೆಡ್ ಕೊಬ್ಬು ಹೆಚ್ಚು. ರುಚಿಗೆ ಬೇಕಾದಷ್ಟು ಇರಲಿ, ಎಲ್ಲಕ್ಕೂ ಅವೇ ಬೇಡ. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ ಎಂದು ಬರೆದಿರುವ ಯಾವುದನ್ನೂ ಮುಟ್ಟಬೇಡಿ, ಅದು ಟ್ರಾನ್ಸ್ ಕೊಬ್ಬು. ಸಾಸೇಜ್, ಬೇಕನ್‌ನಂಥ ಸಂಸ್ಕರಿತ ಮಾಂಸದಲ್ಲಿ ಕಾರ್ಬ್ ಇಲ್ಲವೆಂದ ಮಾತ್ರಕ್ಕೆ ಅದು ದಿನನಿತ್ಯದ ಊಟವಾಗಬಾರದು.

ಲೇಬಲ್ ಓದುವಾಗ

ನಾರಿನಂಶ ಕಳೆದು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುವುದು ರೂಢಿ. ಆದರೆ ಅಮೆರಿಕದ ಲೇಬಲ್‌ಗಳಲ್ಲಿ ಒಟ್ಟು ಕಾರ್ಬ್‌ನೊಳಗೆ ನಾರು ಸೇರಿರುತ್ತದೆ, ಯೂರೋಪಿನ ಲೇಬಲ್‌ಗಳಲ್ಲಿ ನಾರನ್ನು ಮೊದಲೇ ಹೊರಗಿಟ್ಟು ಬರೆದಿರುತ್ತಾರೆ. ಎರಡನೆಯದರಲ್ಲಿ ಮತ್ತೆ ಕಳೆದರೆ ಲೆಕ್ಕ ತಪ್ಪುತ್ತದೆ. ‘ಸಕ್ಕರೆ ಸೇರಿಸಿಲ್ಲ’ ಎಂದು ಮುಂಭಾಗದಲ್ಲಿ ದಪ್ಪಕ್ಷರದಲ್ಲಿದ್ದರೂ ಹಿಂಭಾಗದಲ್ಲಿ ಮಾಲ್ಟೋಡೆಕ್ಸ್ಟ್ರಿನ್, ಡೆಕ್ಸ್ಟ್ರೋಸ್, ಪಿಷ್ಟದಂಥ ಕಾರ್ಬ್ ಇದೆಯೇ ನೋಡಿ. ಸಿಹಿಕಾರಕಗಳಲ್ಲಿ ಎರಿಥ್ರಿಟಾಲ್ ರಕ್ತದ ಸಕ್ಕರೆಯನ್ನು ಬಹುತೇಕ ಏರಿಸುವುದಿಲ್ಲ. ಮಾಲ್ಟಿಟಾಲ್ ಏರಿಸುತ್ತದೆ, ಹೊಟ್ಟೆಯನ್ನೂ ಕೆಡಿಸುತ್ತದೆ. ‘ಕೀಟೋ’ ಎಂದು ಅಚ್ಚಾದ ಬಿಸ್ಕತ್ತು, ಚಾಕೊಲೇಟುಗಳನ್ನು ಮೊದಲ ತಿಂಗಳು ಪೂರ್ತಿ ದೂರವಿಡುವುದೇ ಒಳ್ಳೆಯದು. ಸಿಹಿಯ ಚಪಲವನ್ನು ಅವು ಜೀವಂತವಾಗಿಡುತ್ತವೆ.

ಮೊದಲ ಎರಡು ವಾರ: ಉಪ್ಪಿನ ಪ್ರಶ್ನೆ

ದಿನಕ್ಕೆ 250-300 ಗ್ರಾಂ ಕಾರ್ಬ್ ತಿನ್ನುತ್ತಿದ್ದವರು ಒಂದೇ ಏಟಿಗೆ ನಿಲ್ಲಿಸುವ ಬದಲು ಮೊದಲ ವಾರ ಸಿಹಿ ಪಾನೀಯ, ಹಣ್ಣಿನ ರಸ, ತಿಂಡಿಗಳನ್ನು ಬಿಡಿ. ಎರಡನೇ ವಾರ ಒಂದು ಹೊತ್ತಿನ ಧಾನ್ಯ ಬಿಡಿ. ಮೂರನೇ ವಾರ ಮಿತಿಗೆ ಬನ್ನಿ.

ಎರಡನೇ ದಿನದಿಂದ ಒಂದು ವಾರದವರೆಗೆ ಬರುವ ತಲೆನೋವು, ನಿಶ್ಶಕ್ತಿ, ಸಿಡಿಮಿಡಿ, ಎದೆಬಡಿತಗಳಿಗೆ ‘ಕೀಟೋ ಫ್ಲೂ’ ಎಂಬ ಹೆಸರು ಬಿದ್ದಿದೆ. ಇದು ಜ್ವರವೂ ಅಲ್ಲ, ಸೋಂಕೂ ಅಲ್ಲ. ಇನ್ಸುಲಿನ್ ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಹಿಡಿದಿಡುವುದನ್ನು ಕಡಿಮೆ ಮಾಡುತ್ತವೆ. ಉಪ್ಪು ಹೊರಟುಹೋಗುತ್ತದೆ, ಅದರ ಹಿಂದೆ ನೀರು. ಅದೇ ಹೊತ್ತಿಗೆ ಉಪ್ಪು ತುಂಬಿದ ಬ್ರೆಡ್, ಕುರುಕಲು ತಿಂಡಿಯನ್ನೂ ಬಿಟ್ಟಿರುತ್ತೇವೆ. ಆಗ ಬರಿ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ಸೋಡಿಯಂ ಇನ್ನಷ್ಟು ತೆಳುವಾಗಿ ತಲೆನೋವು ಹೆಚ್ಚುತ್ತದೆ.

ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ಈ ದಿನಗಳಲ್ಲಿ ಊಟದ ಉಪ್ಪಿನ ಜೊತೆಗೆ ದಿನಕ್ಕೆ ಅರ್ಧ ಟೀ ಚಮಚ ಉಪ್ಪನ್ನು ಮಾಂಸದ ಅಥವಾ ತರಕಾರಿಯ ಬಿಸಿ ಸಾರಿನಲ್ಲಿ ಎರಡು ಬಾರಿಗೆ ಹಂಚಿಕೊಂಡು ಕುಡಿಯಬಹುದು. ಇದರಿಂದ ಹಲವರಿಗೆ ತಲೆ ಹಗುರವಾಗುತ್ತದೆ. ಎರಡು ವಾರ ಕಳೆದು ದೇಹ ಹೊಂದಿಕೊಂಡ ಮೇಲೆ ಈ ಹೆಚ್ಚುವರಿ ಉಪ್ಪನ್ನು ಇಳಿಸಿ. ಆ ತೊಂದರೆಗಳಿರುವವರು ವೈದ್ಯರ ಮಾತಿಲ್ಲದೆ ಉಪ್ಪು ಏರಿಸಬಾರದು. ಪೊಟ್ಯಾಸಿಯಂ ಮಾತ್ರೆಯನ್ನಂತೂ ಯಾರೂ ತಾವಾಗಿ ನುಂಗಬಾರದು. ಅದು ಸೊಪ್ಪು, ಅಣಬೆ, ಅವಕಾಡೊ, ಮೀನಿನಿಂದಲೇ ಬರಲಿ.

ರಾತ್ರಿ ಮೀನಖಂಡ ಹಿಡಿದುಕೊಂಡರೆ ಮೆಗ್ನೀಸಿಯಂ ಕೊರತೆಯಿರಬಹುದು; ಕುಂಬಳಬೀಜ, ಬಾದಾಮಿ, ಸೊಪ್ಪು ಹೆಚ್ಚಿಸಿ. ಮಲಬದ್ಧತೆಗೆ ಕಾರಣ ಹೆಚ್ಚಾಗಿ ತರಕಾರಿ ಮತ್ತು ನೀರಿನ ಕೊರತೆ: ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಒಂದು ದೊಡ್ಡ ಚಮಚ ನೆನೆಸಿದ ಚಿಯಾ ಅಥವಾ ಪುಡಿಮಾಡಿದ ಅಗಸೆಬೀಜ ಸೇರಿಸಿ. ಇದಕ್ಕೆ ವಿರುದ್ಧವಾಗಿ ಭೇದಿಯಾಗುತ್ತಿದ್ದರೆ ಒಂದೇ ಹೊತ್ತಿಗೆ ಕೊಬ್ಬು ಹೆಚ್ಚಾಗಿದೆ ಎಂದರ್ಥ, ಹಂಚಿ ತಿನ್ನಿ. ಉಸಿರಿನಲ್ಲಿ ಹಣ್ಣಿನಂಥ ವಾಸನೆ ಬರುವುದು ಅಸಿಟೋನ್‌ನಿಂದ. ವಾರಗಳು ಕಳೆದಂತೆ ಕಡಿಮೆಯಾಗುತ್ತದೆ.

ವ್ಯಾಯಾಮ ಮಾಡುವವರಿಗೆ ಮೊದಲ ಮೂರು ನಾಲ್ಕು ವಾರ ಜೋರಾದ ಓಟ, ಭಾರ ಎತ್ತುವಿಕೆಯಲ್ಲಿ ಶಕ್ತಿ ಕುಗ್ಗಿದಂತಾಗುತ್ತದೆ. ಆ ಅವಧಿಯಲ್ಲಿ ನಡಿಗೆ ಮತ್ತು ಹಗುರ ಭಾರ ಸಾಕು. ಆದರೆ ಭಾರ ಎತ್ತುವುದನ್ನು ಪೂರ್ತಿ ನಿಲ್ಲಿಸಬೇಡಿ, ಸ್ನಾಯು ಉಳಿಯುವುದು ಅದರಿಂದಲೇ.

ಕೀಟೋನ್ ಅಳೆಯಬೇಕೇ?

ಚಿಕಿತ್ಸೆಯ ಕಾರಣವಿಲ್ಲದಿದ್ದರೆ ಬೇಡ. ಮೂತ್ರದ ಪಟ್ಟಿಗಳು ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನನ್ನು ಮಾತ್ರ ತೋರಿಸುತ್ತವೆ. ನೀರು ಹೆಚ್ಚು ಕುಡಿದರೆ ಬಣ್ಣ ತಿಳಿಯಾಗುತ್ತದೆ. ದೇಹ ಕೀಟೋನ್ ಬಳಸಲು ಪಳಗಿದಂತೆ ಮೂತ್ರಕ್ಕೆ ಹೋಗುವುದೂ ಕಡಿಮೆಯಾಗುತ್ತದೆ. ಪಟ್ಟಿ ಬಿಳಿಚಿತೆಂದು ಗಾಬರಿಯಾಗಿ ಪ್ರೋಟೀನ್ ಇಳಿಸುವವರಿದ್ದಾರೆ. ಅದು ದೊಡ್ಡ ತಪ್ಪು.

ತೂಕ ನಿಂತುಹೋದಾಗ

ಎರಡು ವಾರ ತೂಕ ಕದಲದಿದ್ದರೆ ಅದು ನಿಂತದ್ದಲ್ಲ. ನಾಲ್ಕು ವಾರ ತೂಕವೂ ಸೊಂಟದ ಅಳತೆಯೂ ಕದಲದಿದ್ದರೆ ಮಾತ್ರ ಹುಡುಕಾಟ ಶುರುಮಾಡಿ. ಮೊದಲು ಮೂರು ದಿನ ಎಲ್ಲವನ್ನೂ ಮತ್ತೆ ತೂಗಿ ಬರೆಯಿರಿ. ಸಿಕ್ಕಿಬೀಳುವುದು ಹೆಚ್ಚಾಗಿ ಒಣಬೀಜ, ಚೀಸ್, ಕೆನೆ ಹಾಕಿದ ಕಾಫಿ, ಬಾಣಲೆಗೆ ಅಳತೆಯಿಲ್ಲದೆ ಸುರಿದ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯೆಂದರೆ ಸುಮಾರು 120 ಕಿಲೋಕ್ಯಾಲೊರಿ. ಎರಡು ಚಮಚ ಹೆಚ್ಚಾದರೆ ದಿನದ ಕೊರತೆಯ ಅರ್ಧಭಾಗ ಹೋಯಿತು. ಹಾಗಾಗಿ ಮೊದಲು ಸುರಿಯುವ ಕೊಬ್ಬನ್ನು ಇಳಿಸಿ, ಪ್ರೋಟೀನನ್ನು ಮುಟ್ಟಬೇಡಿ. ಆಮೇಲೆ ನಿದ್ದೆ, ಮದ್ಯ, ಹೊಸದಾಗಿ ಶುರುವಾದ ಔಷಧಿಗಳ ಕಡೆ ನೋಡಿ.

ಬೇಗ ಇಳಿದವರಲ್ಲಿ ಎರಡು ಮೂರು ತಿಂಗಳ ನಂತರ ಕೂದಲು ಉದುರುವುದುಂಟು. ವೇಗದ ಇಳಿಕೆಗೆ ದೇಹ ತೋರುವ ಪ್ರತಿಕ್ರಿಯೆ ಅದು, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಯುತ್ತಿದ್ದರೆ ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ. ಊಟ ಹೆಚ್ಚಿಸಿ ವೇಗ ತಗ್ಗಿಸಿ.

ಮೂರು ತಿಂಗಳ ನಂತರದ ವರದಿ

ಎಚ್‌ಬಿಎ1ಸಿ ಹಿಂದಿನ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವುದರಿಂದ ಅದಕ್ಕೂ ಮೊದಲು ಪರೀಕ್ಷಿಸಿ ಪ್ರಯೋಜನ ಕಡಿಮೆ. ಟ್ರೈಗ್ಲಿಸರೈಡ್ ಇಳಿದು ‘ಒಳ್ಳೆಯ’ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಏರಿದ್ದರೆ ಆಹಾರ ಒಗ್ಗಿದೆ ಎಂದು ತಿಳಿಯಬಹುದು. ಯೂರಿಕ್ ಆಮ್ಲ ಮೊದಲ ವಾರಗಳಲ್ಲಿ ಏರಿ ಆಮೇಲೆ ಇಳಿಯುವುದರಿಂದ ಯೂರಿಕ್ ಆಮ್ಲದಿಂದ ಕೀಲು ಊದಿ ನೋಯುವ ಗೌಟ್ ಇದ್ದವರು ಆ ದಿನಗಳಲ್ಲಿ ಜಾಗರೂಕರಾಗಿರಬೇಕು.

ಎಲ್‌ಡಿಎಲ್ (‘ಕೆಟ್ಟ’ ಕೊಲೆಸ್ಟ್ರಾಲ್) ಬಗ್ಗೆ ಮರೆಮಾಚದೆ ಹೇಳಬೇಕು. ಕೆಲವರಲ್ಲಿ ಅದು ಬದಲಾಗುವುದಿಲ್ಲ, ಕೆಲವರಲ್ಲಿ ಏರುತ್ತದೆ. ಸಣಕಲು ಮೈಯ, ಚೆನ್ನಾಗಿ ವ್ಯಾಯಾಮ ಮಾಡುವ ಕೆಲವರಲ್ಲಂತೂ ಬಹಳ ಏರುತ್ತದೆ. ‘ಕೀಟೋದಲ್ಲಿ ಎಲ್‌ಡಿಎಲ್ ಲೆಕ್ಕಕ್ಕಿಲ್ಲ’ ಎನ್ನುವವರ ಮಾತು ನಂಬಬೇಡಿ. ಅಪಧಮನಿಗಳಲ್ಲಿ ಕೊಬ್ಬು ಕಟ್ಟುವುದರಲ್ಲಿ ಅದರ ಪಾತ್ರ ಸ್ಪಷ್ಟವಾಗಿದೆ. ಏರಿದ್ದರೆ ಬೆಣ್ಣೆ, ಕೆನೆ, ತೆಂಗಿನೆಣ್ಣೆ ಬಿಟ್ಟು ಆಲಿವ್ ಎಣ್ಣೆ, ಒಣಬೀಜ, ಮೀನಿಗೆ ಬದಲಾಗಿ. ಸಾಲದಿದ್ದರೆ ಕಾರ್ಬನ್ನು ದಿನಕ್ಕೆ 50ರಿಂದ 80 ಗ್ರಾಂ ಹೆಚ್ಚಿಸಿ. ಎರಡು ತಿಂಗಳ ನಂತರ ಮತ್ತೆ ಪರೀಕ್ಷಿಸಿ. ಡೆಸಿಲೀಟರ್‌ಗೆ 190 ಮಿಲಿಗ್ರಾಂ ದಾಟಿದ್ದರೆ ಕಾಯದೆ ವೈದ್ಯರ ಬಳಿ ಹೋಗಿ.

ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ಯಾವ ಕಾರಣಕ್ಕಾದರೂ ಬಂದರೆ, ಅದಕ್ಕೂ ಮುಂಚಿನ ಮೂರು ದಿನ ಪ್ರತಿದಿನ ಕನಿಷ್ಠ 150 ಗ್ರಾಂ ಕಾರ್ಬ್ ತಿನ್ನಬೇಕು. ಕಾರ್ಬ್ ಇಲ್ಲದೆ ಪಳಗಿದ ದೇಹಕ್ಕೆ ಒಮ್ಮೆಲೇ 75 ಗ್ರಾಂ ಗ್ಲೂಕೋಸ್ ಕೊಟ್ಟರೆ ಇಲ್ಲದ ಮಧುಮೇಹವೂ ಇದೆಯೆಂದು ವರದಿ ಬರಬಹುದು. ಈ ಆಹಾರದಲ್ಲಿದ್ದೇನೆ ಎಂದು ಪ್ರಯೋಗಾಲಯದಲ್ಲೂ ವೈದ್ಯರಲ್ಲೂ ಮೊದಲೇ ಹೇಳಿ.

ಕಾರ್ಬ್ ಮರಳಿ ಸೇರಿಸುವುದು

ಗುರಿ ಮುಟ್ಟಿದ ಮೇಲೆ ಅಥವಾ ಈ ಪದ್ಧತಿ ಸಾಕೆನಿಸಿದಾಗ ಹಳೆಯ ಊಟಕ್ಕೆ ಒಮ್ಮೆಗೇ ಮರಳಿದರೆ ಗ್ಲೈಕೋಜನ್ ಮತ್ತು ನೀರು ತುಂಬಿಕೊಂಡು ಎರಡೇ ದಿನಗಳಲ್ಲಿ ಒಂದೆರಡು ಕಿಲೋ ಏರುತ್ತದೆ. ಇಷ್ಟು ದಿನದ ಕಷ್ಟವೆಲ್ಲ ವ್ಯರ್ಥವಾಯಿತೆಂದು ಅಲ್ಲಿಗೇ ಕೈಚೆಲ್ಲುವವರು ಅನೇಕರು. ವಾರಕ್ಕೆ 10 ಗ್ರಾಂನಂತೆ ದಿನದ ಮಿತಿಯನ್ನು ಏರಿಸುತ್ತಾ ಹೋಗಿ. ಮೊದಲು ಬೇಳೆಕಾಳು ಮತ್ತು ಇಡೀ ಹಣ್ಣು, ನಂತರ ಗೆಡ್ಡೆಗಳು, ಕೊನೆಗೆ ಇಡಿಧಾನ್ಯ. ಕಾರ್ಬ್ ಏರಿದಷ್ಟೂ ಎಣ್ಣೆ-ಬೆಣ್ಣೆ ಇಳಿಯಬೇಕು: 10 ಗ್ರಾಂ ಕಾರ್ಬ್‌ಗೆ ನಾಲ್ಕೂವರೆ ಗ್ರಾಂ ಕೊಬ್ಬು, ಅಂದರೆ ಒಂದು ಟೀ ಚಮಚ ಎಣ್ಣೆ. ಮಧುಮೇಹಿಗಳು ಪ್ರತಿ ಹೊಸ ಆಹಾರ ತಿಂದ ಎರಡು ಗಂಟೆಗೆ ಸಕ್ಕರೆ ನೋಡಿ ಬರೆದಿಡಿ. ಯಾವ ಮಟ್ಟದಲ್ಲಿ ಸಕ್ಕರೆಯೋ ತೂಕವೋ ಮತ್ತೆ ಏರತೊಡಗುತ್ತದೋ ಅದಕ್ಕಿಂತ 10-20 ಗ್ರಾಂ ಕೆಳಗೆ ನಿಲ್ಲಿ. ಇಳಿಸಿದ್ದ ಔಷಧಿಗಳಿದ್ದರೆ ಕಾರ್ಬ್ ಏರುವಾಗ ಅವುಗಳ ಪ್ರಮಾಣವನ್ನೂ ವೈದ್ಯರು ಮತ್ತೆ ನೋಡಬೇಕಾಗುತ್ತದೆ. ಏರಿಸಲು ಶುರುಮಾಡುವ ವಾರವೇ ಅವರನ್ನು ಕಾಣಿ.